ಫೋರ್ಡ್ ಎಫ್-250 ಟ್ರೆಮರ್: ಪೆಟ್ರೋಲಾ, ಡೀಸೆಲ್ಲಾ?

ಟ್ರೆಮರ್ ಅಂದರೆ ಎಫ್-250 ಪಿಕಪ್‌ನ ಆಫ್-ರೋಡ್ ಆವೃತ್ತಿ. ಅಮೆರಿಕದ ಈ ದೊಡ್ಡ ಪಿಕಪ್‌ನಲ್ಲಿ ಎರಡೂ ಎಂಜಿನ್ ಸಿಗುತ್ತವೆ. 35 ಇಂಚಿನ ಟೈರ್ ಎರಡಕ್ಕೂ ಒಂದೇ. 7.3 ಲೀಟರ್ ಪೆಟ್ರೋಲ್ ವಿ8 ಎಂಜಿನ್‌ನಲ್ಲಿ 430 ಎಚ್‌ಪಿ, ಸುಮಾರು 658 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ). 6.7 ಲೀಟರ್ ಡೀಸೆಲ್‌ನಲ್ಲಿ 475 ಎಚ್‌ಪಿ, ಟಾರ್ಕ್ ಸುಮಾರು 1,424 ಎನ್‌ಎಂ. ಎರಡು ಪಟ್ಟಿಗಿಂತ ಜಾಸ್ತಿ ಅಲ್ವಾ! ಭಾರದ ಟ್ರೇಲರ್ ಕಟ್ಟಿಕೊಂಡು ಘಾಟಿ ಹತ್ತುವಾಗ ಡೀಸೆಲ್ ಗಾಡಿ ಏದುಸಿರು ಬಿಡುವುದಿಲ್ಲ. ಇಳಿಯುವಾಗ, ಹೊಗೆ ಹೋಗುವ ದಾರಿ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಗಾಡಿಯನ್ನು ಹಿಡಿದುಕೊಳ್ಳುತ್ತದೆ.

ಆದರೆ ಡೀಸೆಲ್ ಎಂಜಿನ್ನಿನ ತೂಕವೆಲ್ಲ ಮೂತಿಯ ಮೇಲೆ. ಮೆತ್ತನೆ ಮರಳಿನಲ್ಲಿ ಮುಂದಿನ ಚಕ್ರ ಹೂತಾಗ ಅದು ಗೊತ್ತಾಗುತ್ತದೆ. ಬೆಲೆಯೂ ಹೆಚ್ಚು, ಹೊಗೆಯ ಮಾಲಿನ್ಯ ತಗ್ಗಿಸುವ ಡಿಇಎಫ್ ದ್ರವ ಬೇರೆ ತುಂಬಿಸಬೇಕು. ಅಪರೂಪಕ್ಕೆ ಕಾಡು ಸುತ್ತುವವರು ಸುಮ್ನೆ ಪೆಟ್ರೋಲ್ ತಗೊಳ್ಳಿ. ವಾರವಾರ ಟ್ರೇಲರ್ ಎಳೆಯುವವರಿಗೆ ನಾನು ಡೀಸೆಲ್ಲನ್ನೇ ಹೇಳುತ್ತೇನೆ.