ಥಂಡರ್‌ಬರ್ಡ್ ಮತ್ತು ಡಿಕಿಮ್ ವೆರಿಫೈಯರ್: ಹೆಸರಿನ ಕೆಳಗಿನ ಒಂದು ಸಾಲು

ಥಂಡರ್‌ಬರ್ಡ್ ಇಮೇಲ್ ತಂತ್ರಾಂಶದಲ್ಲಿ ಎಷ್ಟು ಖಾತೆ ಹಾಕಬಹುದು, ಕ್ಯಾಲೆಂಡರ್ ಹೇಗಿದೆ ಎಂಬುದನ್ನೆಲ್ಲ ಬೇರೆಯವರು ಸಾಕಷ್ಟು ಬರೆದಿದ್ದಾರೆ. ನನ್ನ ತಕರಾರು ಮತ್ತು ಪ್ರೀತಿ ಎರಡೂ ಇರುವುದು ಅದರಲ್ಲಿ ಕಾಣುವ ಒಂದೇ ಸಾಲಿನ ಮೇಲೆ. ಪತ್ರ ತೆರೆದಾಗ ಕಳುಹಿಸಿದವರ ಹೆಸರಿನ ಹತ್ತಿರ ಸಣ್ಣ ಅಕ್ಷರದಲ್ಲಿ ಕಾಣುವ, ಪತ್ರದ ಡಿಜಿಟಲ್ ಸಹಿ ಸರಿಯಿದೆಯೇ ಎಂದು ಹೇಳುವ ‘ಡಿಕಿಮ್’ ಸಾಲು ಅದು. ತಂತ್ರಾಂಶದ ಜೊತೆ ತಾನಾಗಿ ಬರುವುದಿಲ್ಲ, ‘ಡಿಕಿಮ್ ವೆರಿಫೈಯರ್’ ಎಂಬ ಉಚಿತ ಆಡ್‌ಆನ್ ಹಾಕಿಕೊಳ್ಳಬೇಕು. ನಮ್ಮ ಆಫ್‌ಸೆಟ್ ಮುದ್ರಣಾಲಯದ ಡಿಟಿಪಿ ಕಂಪ್ಯೂಟರ್‌ಗಳಲ್ಲಿ ಹಲವು ವರ್ಷಗಳಿಂದ ಇದೆ.

ಪ್ರತಿ ಖಾತೆಗೆ ತಿಂಗಳ ಬಾಡಿಗೆ ಕೇಳುವ ಇಮೇಲ್ ಫಿಲ್ಟರ್‌ಗಳು ಬೇಕಾದಷ್ಟಿವೆ. ಕಾಗದದ ದರ ವರ್ಷಕ್ಕೊಮ್ಮೆಯಾದರೂ ಏರುವ ನಮ್ಮ ವ್ಯಾಪಾರಕ್ಕೆ ಅವು ಹೊಂದುವುದಿಲ್ಲ. ಹಾಗೆಂದು ಏನೂ ಇಲ್ಲದೆ ಕೂರುವಂತೆಯೂ ಇಲ್ಲ. ‘ಅಪರಿಚಿತರು ಕಳುಹಿಸಿದ ಅಟ್ಯಾಚ್‌ಮೆಂಟ್ ತೆರೆಯಬೇಡಿ’ ಎಂದು ಎಲ್ಲರೂ ಉಪದೇಶಿಸುತ್ತಾರೆ. ಅದನ್ನು ಪಾಲಿಸಿದರೆ ನಾವು ಬಾಗಿಲು ಹಾಕಬೇಕಾಗುತ್ತದೆ. ಲಗ್ನಪತ್ರಿಕೆಯ ಕೋರೆಲ್ ಫೈಲ್, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕವನ ಸಂಕಲನ, ಜಾತ್ರೆಯ ಕರಪತ್ರಕ್ಕೆ ಫೋಟೊಗಳ ಜಿಪ್ ಕಟ್ಟು – ದಿನವಿಡೀ ಅಪರಿಚಿತರ ಅಟ್ಯಾಚ್‌ಮೆಂಟ್ ತೆರೆಯುವುದೇ ನಮ್ಮ ಕೆಲಸ.

ಅಪರಿಚಿತರಿಗಿಂತ ನನಗೆ ಹೆದರಿಕೆ ಪರಿಚಿತರ ಹೆಸರಿನಲ್ಲಿ ಬರುವ ಪತ್ರಗಳದ್ದು. 2002ರಲ್ಲಿ ಕ್ಲೆಜ್ ಎಂಬ ವೈರಸ್ ಹರಡಿದ ಬಗೆ ನೆನಪಿದ್ದವರಿಗೆ ಇದು ಗೊತ್ತು. ರಾಮನ ಕಂಪ್ಯೂಟರ್‌ಗೆ ಸೋಂಕು ತಗುಲಿದರೆ, ಅದು ಅಲ್ಲಿದ್ದ ವಿಳಾಸಗಳನ್ನು ಹೆಕ್ಕಿ, ಭೀಮನ ಹೆಸರು ಹಾಕಿ ಸೋಮನಿಗೆ ಪತ್ರ ಕಳುಹಿಸುತ್ತಿತ್ತು. ಸೋಮ ಬೈಯುವುದು ಭೀಮನಿಗೆ. ರಾಮನಿಗೆ ಸುದ್ದಿಯೇ ಇಲ್ಲ. ಅದಕ್ಕಿಂತ ತಮಾಷೆಯೆಂದರೆ, ಎಷ್ಟೋ ಕಂಪನಿಗಳ ಸರ್ವರ್‌ನಲ್ಲಿದ್ದ ಆಂಟಿವೈರಸ್ ‘ನೀವು ನಮಗೆ ವೈರಸ್ ಕಳುಹಿಸಿದ್ದೀರಿ’ ಎಂದು ಅದೇ ಭೀಮನಿಗೆ ನೋಟಿಸ್ ಕಳುಹಿಸುತ್ತಿತ್ತು. 2003ರ ಸೊಬಿಗ್, 2004ರ ಮೈಡೂಮ್ ಬಂದಾಗ ಇಂಥ ನೋಟಿಸ್‌ಗಳೇ ಒಂದು ಪಿಡುಗಾಗಿದ್ದವು.

ಇದಕ್ಕೆಲ್ಲ ಕಾರಣ ಇಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ಪದ್ಧತಿ. 1982ರಲ್ಲಿ ಅದನ್ನು ರೂಪಿಸಿದಾಗ ಕಳುಹಿಸುವವರು ತಮ್ಮ ಹೆಸರು ಏನೆಂದು ಹೇಳಿದರೂ ನಂಬುವ ಹಾಗೆ ಮಾಡಿದ್ದರು. ಯಾರ ಲೆಟರ್‌ಹೆಡ್ ಬೇಕಾದರೂ ಅಚ್ಚು ಹಾಕಿಕೊಡಬಹುದೆಂದು ಮುದ್ರಣಾಲಯದವನಿಗೆ ಬೇರೆ ಹೇಳಬೇಕಿಲ್ಲವಲ್ಲ! ಡಿಕಿಮ್ ಆ ಲೆಟರ್‌ಹೆಡ್‌ಗೆ ಹಾಕುವ ಮೊಹರು. ಕಳುಹಿಸುವ ಡೊಮೇನ್, ಅಂದರೆ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರಿನವರು, ತನ್ನ ಗುಪ್ತ ಕೀಲಿಯಿಂದ ಪತ್ರಕ್ಕೆ ಸಹಿ ಹಾಕುತ್ತದೆ. ಅದನ್ನು ತಾಳೆ ನೋಡುವ ಸಾರ್ವಜನಿಕ ಕೀಲಿ ಆ ಡೊಮೇನ್‌ನ ಡಿಎನ್‌ಎಸ್ ದಾಖಲೆಯಲ್ಲಿ (ಅಂತರ್ಜಾಲದ ಹೆಸರುಗಳ ಸಾರ್ವಜನಿಕ ಪಟ್ಟಿಯಲ್ಲಿ) ಇರುತ್ತದೆ. ನಮ್ಮ ಆಡ್‌ಆನ್ ಆ ಕೀಲಿ ತಂದು, ಸಹಿ ಸರಿಯಿದೆಯೇ, ದಾರಿಯಲ್ಲಿ ಯಾರಾದರೂ ಪತ್ರವನ್ನು ತಿದ್ದಿದ್ದಾರೆಯೇ ಎಂದು ನೋಡಿ ‘ವ್ಯಾಲಿಡ್’ ಎಂದೋ ‘ಇನ್‌ವ್ಯಾಲಿಡ್’ ಎಂದೋ ಬರೆಯುತ್ತದೆ. ಬಣ್ಣದಲ್ಲಿ ತೋರಿಸುವ ಆಯ್ಕೆಯೂ ಇದೆ.

ಬೆಳಿಗ್ಗೆ ಮಷೀನ್‌ಗೆ ಇಂಕ್ ಹಾಕುವ ಹೊತ್ತಿಗೆ ನಾನು ಅಂಚೆ ನೋಡಲು ಕೂರುತ್ತೇನೆ. ಪತ್ರಗಳನ್ನು ಸಾದಾ ಪಠ್ಯದಲ್ಲಿ ಮಾತ್ರ ತೋರಿಸುವಂತೆ ಮಾಡಿಟ್ಟಿದ್ದೇನೆ. ಬಣ್ಣದ ಗುಂಡಿ, ಲೋಗೊ, ‘ಇಲ್ಲಿ ಒತ್ತಿ’ ಎಂಬ ಥಳುಕು ಯಾವುದೂ ಇಲ್ಲ. ಮೊದಲು ಡಿಕಿಮ್ ಸಾಲು, ಆಮೇಲೆ ವಿಳಾಸ, ಕೊನೆಗೆ ಒಕ್ಕಣೆ. ಅನುಮಾನ ಬಂದರೆ ಕಂಟ್ರೋಲ್ ಒತ್ತಿ ಯು. ಪತ್ರದ ಮೂಲ ತೆರೆದುಕೊಳ್ಳುತ್ತದೆ. ಅಲ್ಲಿ ‘ರಿಸೀವ್ಡ್’ ಎಂಬ ಸಾಲುಗಳು ಒಂದರ ಮೇಲೊಂದು ಪೇರಿಸಿಕೊಂಡಿರುತ್ತವೆ. ಪತ್ರ ಹಾದುಬಂದ ಪ್ರತಿ ಸರ್ವರ್ ತನ್ನ ಸಾಲನ್ನು ಮೇಲ್ಗಡೆ ಸೇರಿಸುತ್ತದೆ. ಎಲ್ಲಕ್ಕಿಂತ ಮೇಲಿನದು ನಮ್ಮದೇ ಸರ್ವರ್ ಬರೆದದ್ದು, ಅದನ್ನು ನಂಬಬಹುದು. ಕೆಳಗಿನವನ್ನು ಕಳ್ಳನೇ ಬರೆದಿಟ್ಟಿರಬಹುದು. ಪ್ರೂಫ್ ತಿದ್ದುವ ಕಣ್ಣಿಗೆ ಈ ಓದು ಒಂದು ಬಗೆಯ ರುಚಿ. ಮನೆಯಲ್ಲಿ ಇದನ್ನು ಹೇಳಿದರೆ ಯಾರೂ ಒಪ್ಪುವುದಿಲ್ಲ, ಆ ಮಾತು ಬೇರೆ.

ಆಡ್‌ಆನ್‌ನಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಸಹಿಯ ನಿಯಮಗಳು. ಸೆಟ್ಟಿಂಗ್‌ಗೆ ಹೋಗಿ ನಾವೇ ಆನ್ ಮಾಡಬೇಕು. ಒಂದು ವಿಳಾಸದಿಂದ ಸಹಿಯಿರುವ ಪತ್ರ ಬಂದಿತೆಂದರೆ ಅದನ್ನು ನೆನಪಿಟ್ಟುಕೊಂಡು, ಮುಂದೆ ಸಹಿಯಿಲ್ಲದೆ ಬಂದಾಗ ಎಚ್ಚರಿಸುತ್ತದೆ. ನಮಗೆ ಕಾಗದ ಪೂರೈಸುವವರ ಹೆಸರಿನಲ್ಲಿ ಒಮ್ಮೆ ‘ಬಾಕಿ ಬಿಲ್’ ಎಂಬ ಜಿಪ್ ಬಂತು. ವಿಳಾಸ ಅಕ್ಷರ ಅಕ್ಷರವೂ ಸರಿಯಾಗಿತ್ತು. ಅಡ್ರೆಸ್ ಬುಕ್‌ನಲ್ಲಿ ಆ ವಿಳಾಸ ಇದ್ದದ್ದರಿಂದ ಥಂಡರ್‌ಬರ್ಡ್ ಅವರ ಹೆಸರನ್ನಷ್ಟೇ ಆತ್ಮೀಯವಾಗಿ ತೋರಿಸುತ್ತಿತ್ತು. ಅದರ ಕೆಳಗೇ ಕೆಂಪು ಸಾಲು. ಮೂಲ ತೆರೆದರೆ ‘ರಿಟರ್ನ್-ಪಾತ್’ನಲ್ಲಿ, ಅಂದರೆ ತಲುಪದ ಪತ್ರ ವಾಪಸ್ಸಾಗುವ ವಿಳಾಸದಲ್ಲಿ, ಯಾವುದೋ ಸಂಬಂಧವಿಲ್ಲದ ಡೊಮೇನ್, ಮೇಲಿನ ‘ರಿಸೀವ್ಡ್’ ಸಾಲಿನಲ್ಲಿ ಕಂಡು ಕೇಳರಿಯದ ಸರ್ವರ್. ಅಳಿಸಿ ಹಾಕಿ ಪ್ಲೇಟ್ ಕೆಲಸಕ್ಕೆ ಎದ್ದೆ.

ಈ ವಿಮರ್ಶೆಯನ್ನು ಅಲ್ಲಿಗೆ ಮುಗಿಸಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ.

ಇಂಕ್ ವ್ಯಾಪಾರಿಯೊಬ್ಬರಿಂದ ಒಂದು ಪತ್ರ ಬಂತು. ನಾವು ಹಿಂದೆ ಬರೆದಿದ್ದ ದರವಿಚಾರಣೆಯೇ ಕೆಳಗೆ ಉಲ್ಲೇಖವಾಗಿತ್ತು. ಮೇಲೆ ಎರಡು ಸಾಲಿನ ಉತ್ತರ, ಒಂದು ಜಿಪ್, ಅದರ ಪಾಸ್‌ವರ್ಡ್. ಡಿಕಿಮ್ ಸಾಲು ‘ವ್ಯಾಲಿಡ್’. ನಮ್ಮ ಡಿಟಿಪಿ ಹುಡುಗಿ ಕೂಗಿ ಕೇಳಿದಳು: “ಸರ್, ಹಸಿರು ಇದೆ. ತೆರೆಯಲೇ?” ಬೇಡ ಎಂದೆ. ವ್ಯಾಪಾರಿಗೆ ಫೋನ್ ಮಾಡಿದರೆ ಅವರು ಅಂಥ ಪತ್ರ ಕಳುಹಿಸಿಯೇ ಇರಲಿಲ್ಲ. ಅವರ ಖಾತೆಯೇ ಬೇರೆಯವರ ಕೈಯಲ್ಲಿತ್ತು. ಪತ್ರ ನಿಜವಾಗಿ ಅವರ ಸರ್ವರ್‌ನಿಂದಲೇ ಹೊರಟಿತ್ತು, ಸಹಿಯೂ ಅಸಲಿಯೇ. ಅಂದಿನಿಂದ ಆ ಹಸಿರಿನ ಮೇಲೆ ನನಗೆ ಸಿಟ್ಟಿದೆ. ‘ಈ ಡೊಮೇನ್ ಸಹಿ ಹಾಕಿದೆ’ ಎನ್ನುವಷ್ಟೇ ಅರ್ಥವಿರುವ ಬಣ್ಣ, ನೋಡುವವರಿಗೆ ‘ತೆರೆಯಬಹುದು’ ಎಂದು ಹೇಳುತ್ತದೆ. ಎಂ (m) ಅಕ್ಷರದ ಜಾಗದಲ್ಲಿ, ನೋಡಲು ಹಾಗೆಯೇ ಕಾಣುವ ಆರ್, ಎನ್ (rn) ಸೇರಿಸಿ ನೋಂದಾಯಿಸಿದ ಹುಸಿ ಡೊಮೇನ್‌ಗೂ ಇದೇ ಹಸಿರು ಬರುತ್ತದೆ. ಈಗ ಬಣ್ಣದ ಆಯ್ಕೆಯನ್ನು ತೆಗೆದುಹಾಕಿದ್ದೇನೆ. ಸಾಲನ್ನು ಓದಲಿ, ಬಣ್ಣ ನೋಡುವುದು ಬೇಡ.

ಹಳೆಯ ಪತ್ರಗಳನ್ನು ಕದ್ದು ಅವುಗಳಿಗೇ ಉತ್ತರದಂತೆ ವೈರಸ್ ಅಂಟಿಸುವ ಈ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದ್ದು ಎಮೊಟೆಟ್ ಎಂಬ ಕುತಂತ್ರಾಂಶ. 2021ರ ಜನವರಿಯಲ್ಲಿ ಯುರೋಪಿನ ಪೊಲೀಸ್ ಸಂಸ್ಥೆಯಾದ ಯೂರೋಪೋಲ್ ಸಮನ್ವಯದಲ್ಲಿ ಹಲವು ದೇಶಗಳ ಪೊಲೀಸರು ಅದರ ಸರ್ವರ್‌ಗಳನ್ನು ವಶಪಡಿಸಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಅದು ಮತ್ತೆ ತಲೆಯೆತ್ತಿತು. ಜಿಪ್‌ಗೆ ಪಾಸ್‌ವರ್ಡ್ ಹಾಕುವುದೇಕೆಂದರೆ ಸ್ಕ್ಯಾನರ್‌ಗೆ ಒಳಗೆ ಇಣುಕಲು ಆಗಬಾರದೆಂದು. ನಮಗೆ ಈ ವಿಷಯದಲ್ಲಿ ವೃತ್ತಿಯೇ ನೆರವಾಯಿತು. ಪ್ರಶ್ನೆಪತ್ರಿಕೆ ಅಚ್ಚು ಹಾಕುವಾಗ ಶಾಲೆಯವರು ಫೈಲನ್ನು ಪಾಸ್‌ವರ್ಡ್ ಹಾಕಿಯೇ ಕಳುಹಿಸುತ್ತಾರೆ, ಆದರೆ ಪಾಸ್‌ವರ್ಡ್ ಹೇಳುವುದು ಫೋನಿನಲ್ಲಿ. ಬೀಗವನ್ನೂ ಕೀಲಿಯನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಕಳುಹಿಸುವವರಿಗೆ ಗೋಪ್ಯತೆ ಬೇಕಾಗಿಲ್ಲ, ಸ್ಕ್ಯಾನರ್‌ನ ಕಣ್ಣು ತಪ್ಪಿಸುವುದಷ್ಟೇ ಬೇಕು.

ಇನ್ನು ನಮ್ಮ ಹೆಸರನ್ನೇ ಬೇರೆಯವರು ಹಾಕಿಕೊಂಡರೆ? ಒಂದು ಕಾಲದಲ್ಲಿ ನಾವು ಕಳುಹಿಸದ ಪತ್ರಗಳು ‘ತಲುಪಲಿಲ್ಲ’ ಎಂದು ರಾಶಿ ರಾಶಿ ವಾಪಸ್ಸಾಗುತ್ತಿದ್ದವು. ನಮ್ಮ ಆಗಿನ ಹೋಸ್ಟಿಂಗ್ ಕಂಪನಿಯವರು ‘ಎಸ್‌ಪಿಎಫ್ ಇದೆಯಲ್ಲ’ ಎಂದು ಕೈತೊಳೆದುಕೊಂಡರು. ಎಸ್‌ಪಿಎಫ್ ಹೇಳುವುದು ಯಾವ ಸರ್ವರ್‌ಗಳು ನಮ್ಮ ಪರವಾಗಿ ಕಳುಹಿಸಬಹುದೆಂದು. ಆದರೆ ಅದು ಪರೀಕ್ಷಿಸುವುದು ಓದುವವರಿಗೆ ಕಾಣದ ‘ರಿಟರ್ನ್-ಪಾತ್’ ವಿಳಾಸವನ್ನು. ಕಣ್ಣಿಗೆ ಬೀಳುವ ‘ಫ್ರಂ’ ಹೆಸರಿನ ಗೊಡವೆ ಅದಕ್ಕಿಲ್ಲ. ಎಸ್‌ಪಿಎಫ್ ಅಥವಾ ಡಿಕಿಮ್ ಒಪ್ಪಿದ ಡೊಮೇನ್ ‘ಫ್ರಂ’ ಹೆಸರಿಗೆ ಹೊಂದುತ್ತದೆಯೇ ಎಂದು ಜೋಡಿಸಿ ನೋಡುವುದು ಡಿಮಾರ್ಕ್. ಡಿಕಿಮ್ ಬೇಕೆಂದರೆ ದುಬಾರಿ ಪ್ಲಾನ್ ತೆಗೆದುಕೊಳ್ಳಿ ಎಂಬ ಉತ್ತರ ಬಂದ ಮೇಲೆ ಕಂಪನಿಯನ್ನೇ ಬದಲಿಸಿದೆ. ಹೊಂದದ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ನೀತಿಯನ್ನು ಮೊದಲು ‘ನನ್’ (none, ಏನೂ ಮಾಡಬೇಡಿ) ಎಂದಿಟ್ಟು ವರದಿಗಳನ್ನು ನೋಡಿ, ನಮ್ಮ ಪತ್ರಗಳೆಲ್ಲ ಸರಿಯಾಗಿ ಹೋಗುತ್ತಿವೆ ಎಂದು ಖಾತ್ರಿಯಾದ ಮೇಲೆ ‘ಕ್ವಾರಂಟೈನ್’ (ಅನುಮಾನಿಸಿ ಬೇರೆ ಇಡಿ), ಕೊನೆಗೆ ‘ರಿಜೆಕ್ಟ್’ (ತಿರಸ್ಕರಿಸಿ) ಮಾಡಿದೆ. ವಾಪಸ್ ಪತ್ರಗಳು ನಿಂತೇ ಹೋದವು ಎನ್ನಬಹುದು. ಡಿಮಾರ್ಕ್ ನೋಡದ ಸರ್ವರ್‌ಗಳಿಗೆ ನಾವು ಏನು ಬರೆದಿಟ್ಟರೂ ಒಂದೇ. ಹಾಸ್ಯವೆಂದರೆ ಈ ವರದಿಗಳು ಬರುವುದೂ ಜಿಪ್ ಅಟ್ಯಾಚ್‌ಮೆಂಟ್ ಆಗಿಯೇ! ಅವುಗಳಿಗೆಂದೇ ಬೇರೆ ಖಾತೆ ಇಟ್ಟು ನಾನೊಬ್ಬನೇ ತೆರೆಯುತ್ತೇನೆ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಸಗಟಾಗಿ ಪತ್ರ ಕಳುಹಿಸುವವರಿಗೆ ಇವೆಲ್ಲ ಇರಲೇಬೇಕೆಂದು ನಿಯಮ ಮಾಡಿರುವುದರಿಂದ, ಈಗ ಅಗ್ಗದ ಹೋಸ್ಟಿಂಗ್‌ನವರೂ ಮೊದಲಿನಷ್ಟು ಸತಾಯಿಸಲಾರರು.

ಸಣ್ಣಪುಟ್ಟ ಕಿರಿಕಿರಿಗಳೂ ಇವೆ. ಸಾಹಿತ್ಯ ಬಳಗಗಳ ಗುಂಪು ಪತ್ರಗಳಿಗೆ ಕೆಳಗೆ ಟಿಪ್ಪಣಿ ಸೇರಿಕೊಳ್ಳುವುದರಿಂದ ಸಹಿ ಕೆಡುತ್ತದೆ. ಪಾಪ, ಒಬ್ಬ ಕವಿಯ ಪತ್ರ ಸದಾ ‘ಇನ್‌ವ್ಯಾಲಿಡ್’. ಅಟ್ಯಾಚ್‌ಮೆಂಟ್‌ನ ಒಳಗೇನಿದೆ ಎಂಬುದಕ್ಕೂ ಈ ಆಡ್‌ಆನ್‌ಗೂ ಸಂಬಂಧವಿಲ್ಲ. ಅದಕ್ಕೆ ಆಂಟಿವೈರಸ್ ಬೇಕು. ವಿಂಡೋಸ್‌ನಲ್ಲಿ ಫೈಲ್ ಹೆಸರಿನ ಬಾಲ ಕಾಣುವಂತೆ ಮಾಡಿಕೊಳ್ಳಲೂ ಬೇಕು, ಇಲ್ಲದಿದ್ದರೆ ಪಿಡಿಎಫ್ ವೇಷದ ಇಎಕ್ಸ್‌ಇ ಗೊತ್ತೇ ಆಗುವುದಿಲ್ಲ.

ದೊಡ್ಡ ಕೊರತೆ ಮೊಬೈಲ್‌ನದು. ಆಂಡ್ರಾಯ್ಡ್‌ಗೆ ಥಂಡರ್‌ಬರ್ಡ್ 2024ರ ಅಕ್ಟೋಬರ್‌ನಲ್ಲಿ ಬಂತು. ಅದರಲ್ಲಿ ಆಡ್‌ಆನ್‌ಗಳಿಗೆ ಜಾಗವಿಲ್ಲ. ಹಾಗಾಗಿ ಫೋನಿನಲ್ಲಿ ಪತ್ರ ಓದಬಹುದು, ಫೈಲ್ ತೆರೆಯುವುದು ಪ್ರೆಸ್‌ನ ಕಂಪ್ಯೂಟರ್‌ನಲ್ಲೇ ಎಂದು ಕಟ್ಟುಪಾಡು ಮಾಡಿದ್ದೇನೆ. ಅರ್ಜೆಂಟ್ ಲಗ್ನಪತ್ರಿಕೆಯವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಇಷ್ಟು ಉಪಯೋಗದ ಪರೀಕ್ಷೆಯನ್ನು ತಂತ್ರಾಂಶದವರೇ ಮೊದಲಿನಿಂದ ಸೇರಿಸಿಕೊಡದೆ, ಹುಡುಕಿ ಹಾಕಿಕೊಳ್ಳುವವರ ಪಾಲಿಗೆ ಬಿಟ್ಟಿರುವುದಕ್ಕೆ ಒಂದೂವರೆ ನಕ್ಷತ್ರ ಕಡಿಮೆ. ಬಿಡಿಗಾಸಿಲ್ಲದೆ ಸಿಗುವುದಕ್ಕೆ ಅರ್ಧ ವಾಪಸ್. ಒಟ್ಟು ನಾಲ್ಕು.