ಟೈಟಲ್ ಮ್ಯೂಸಿಕ್ ನುಂಗುವ ಆ್ಯಪ್, ಪೂರ್ತಿ ಕೇಳಿಸುವ ಡಿವಿಡಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೆ ಡಿವಿಡಿಗೆ. ಎರಡರಲ್ಲೂ ಮೂರು ತಿಂಗಳು ‘ಮಾಲ್ಗುಡಿ ಡೇಸ್’ ನೋಡಿದ ಮೇಲೆ ಬರೆಯುತ್ತಿದ್ದೇನೆ.

ದಸರಾ ಹೊತ್ತಿಗೆ ಮಂಡ್ಯದ ನಮ್ಮ ಮನೆಗೆ ಹೊಸ ಟಿವಿ ಬಂತು. ಜೊತೆಗೆ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ, 1,200 ರೂಪಾಯಿ. ಕಟ್ಟಿದ್ದೇ ಈ ಒಂದು ಸೀರಿಯಲ್‌ಗಾಗಿ. ಅಮ್ಮನಿಗೆ ಅದೆಂದರೆ ಪ್ರಾಣ. ದೂರದರ್ಶನದಲ್ಲಿ ಮೊದಲ ಸಲ ಬಂದಾಗ ನಮ್ಮ ಮನೇಲಿ ಟಿವಿ ಇರಲಿಲ್ಲ. ಪಕ್ಕದ ಮನೆಯಿಂದ ಅದರ ಟೈಟಲ್ ಸಂಗೀತದ ಗುನುಗು ಕೇಳಿಸಿದ್ದೇ ತಡ, ಅಮ್ಮ ಒಲೆ ಸಣ್ಣ ಮಾಡಿ ನನ್ನ ಕೈ ಹಿಡಿದು ಓಡುತ್ತಿದ್ದರು. ಆರ್.ಕೆ. ಲಕ್ಷ್ಮಣ್ ಬಿಡಿಸಿದ ಚಿತ್ರಗಳು ಒಂದೊಂದಾಗಿ ಬರುತ್ತಿರುವಾಗಲೇ ನಾವು ಅವರ ಹಜಾರದಲ್ಲಿ ಕೂತಿರುತ್ತಿದ್ದೆವು. ಸೀರಿಯಲ್ ಹಿಂದಿಯಲ್ಲಿತ್ತು, ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೆ ಎಲ್. ವೈದ್ಯನಾಥನ್ ಮಾಡಿದ ಆ ಸಂಗೀತಕ್ಕೆ ಯಾವ ಭಾಷೆ ಬೇಕು?

ಈಗ ಆ್ಯಪ್ ಏನು ಮಾಡುತ್ತೆ ಕೇಳಿ. ಮೊದಲ ಕಂತಿನಲ್ಲಿ ಟೈಟಲ್ ಪೂರ್ತಿ ಬಂತು. ಎರಡನೆಯದಕ್ಕೆ ಬಂದರೆ ಸಂಗೀತವೇ ಇಲ್ಲ, ನೇರ ಕಥೆ! ಹಿಂದಿನ ಕಂತು ಮುಗಿಯುತ್ತಿದ್ದ ಹಾಗೆ ಹೆಸರುಗಳು ಮೂಲೆಯ ಸಣ್ಣ ಚೌಕಕ್ಕೆ ಸರಿದವು. ಐದರಿಂದ ಎಣಿಕೆ ಶುರುವಾಯಿತು, ಸೊನ್ನೆಗೆ ಬಂದದ್ದೇ ಮುಂದಿನ ಕಂತಿನ ಟೈಟಲ್ ದಾಟಿ ಹಾರಿತು. ರಿಮೋಟ್‌ನಲ್ಲಿ ಹಿಂದಕ್ಕೆ ತಂದೆ. ಸ್ವಲ್ಪ ಹೊತ್ತು ಚಕ್ರ ತಿರುಗಿತು. ಗುನುಗು ಎರಡು ಸೆಕೆಂಡ್ ಕೇಳಿಸಿ, ಮತ್ತೆ ಹಾರಿತು. ಸೆಟ್ಟಿಂಗ್ಸ್ ಎಲ್ಲ ಜಾಲಾಡಿದೆ. ಮುಂದಿನ ಕಂತು ತಾನಾಗೇ ಬರುವುದನ್ನು ನಿಲ್ಲಿಸಬಹುದು, ಟೈಟಲ್ ಹಾರಿಸುವುದನ್ನು ನಿಲ್ಲಿಸಲು ಆಗಲೇ ಇಲ್ಲ. ಸಹಾಯವಾಣಿಗೆ ಬರೆದದ್ದಕ್ಕೆ, ‘ನಿಮ್ಮ ಸಮಯ ಉಳಿಸಲು ಈ ಸೌಲಭ್ಯ’ ಅಂತ ಉತ್ತರ ಬಂತು. ನಾನು ಸಮಯ ಉಳಿಸಿ ಅಂತ ಕೇಳಿರಲಿಲ್ಲ. ಸಂಗೀತ ಕೇಳಿಸಿ ಅಂತ ಕೇಳಿದ್ದೆ.

ಇದರಿಂದ ನಿಜವಾಗಿ ತೊಂದರೆಯಾದದ್ದು ಅಮ್ಮನಿಗೆ. ಅವರು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ ಆ ಸಂಗೀತಕ್ಕೇ ಕಾಯುತ್ತಾರೆ. ಅದು ಬಂದಾಗ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಬಂದು ಕೂರುವಷ್ಟರಲ್ಲಿ ಕಥೆ ಶುರುವಾಗಬೇಕು. ಮೂವತ್ತೈದು ವರ್ಷಕ್ಕೂ ಜಾಸ್ತಿ ಆದ ಅಭ್ಯಾಸ ಅದು. ಆ ಸಂಜೆ ಅವರು ಬರುವ ಹೊತ್ತಿಗೆ ಕಥೆಯ ಹುಡುಗ ಸ್ವಾಮಿ ಆಗಲೇ ಸ್ಕೂಲಿಗೆ ಹೊರಟಿದ್ದ. ‘ಹಾಡೇ ಬರ್ನಿಲ್ವಲ್ಲೋ, ಆಗ್ಲೇ ಶುರುವಾಗೋಯ್ತಾ?’ ಅಂದರು. ಕೈಯಲ್ಲಿ ಇನ್ನೂ ಅರ್ಧ ಹೋಳು ಕಾಯಿ ಇತ್ತು. ನನಗೆ ತುಂಬಾ ಬೇಜಾರಾಯಿತು.

ಮುಂದಿನ ವಾರ ಮೈಸೂರಿಗೆ ಹೋದಾಗ ದೇವರಾಜ ಮಾರುಕಟ್ಟೆ ಹತ್ತಿರದ ಹಳೆ ಸಾಮಾನಿನ ಅಂಗಡಿಯಲ್ಲಿ ಡಿವಿಡಿ ಸೆಟ್ ಸಿಕ್ಕಿತು. 350 ರೂಪಾಯಿ. ಪ್ಲೇಯರ್ ಅಟ್ಟದ ಮೇಲಿತ್ತು, ಧೂಳು ಒರೆಸಿ ತಂತಿ ಸಿಕ್ಕಿಸಿದೆ. ಪ್ರತಿ ಕಂತಿಗೂ ಟೈಟಲ್ ಪೂರ್ತಿ. ಅಮ್ಮ ಸರಿಯಾದ ಹೊತ್ತಿಗೆ ಬಂದು ಕೂರುತ್ತಾರೆ.

ಚಿತ್ರದ ಗುಣಮಟ್ಟದಲ್ಲಿ ಆ್ಯಪ್ ಮುಂದೆ. ಡಿವಿಡಿಯಲ್ಲಿ, ಸೀರಿಯಲ್ ಚಿತ್ರೀಕರಣವಾದ ಆಗುಂಬೆಯ ಮಳೆ ಸ್ವಲ್ಪ ಮಸುಕು. ಮೂರನೇ ಡಿಸ್ಕ್‌ನಲ್ಲಿ ಗೀರು ಬೇರೆ ಇದೆ, ಒಂದು ಕಡೆ ನಿಂತು ನಿಂತು ಹೋಗುತ್ತೆ. ಧ್ವನಿ ನನ್ನ ಕಿವಿಗೆ ಎರಡರಲ್ಲೂ ಒಂದೇ.

ಬೇರೆ ಸೀರಿಯಲ್‌ಗಳನ್ನೂ ಹೀಗೇ ನೋಡಿದೆ. ‘ಸುರಭಿ’ಯ ಟೈಟಲ್ ಸಂಗೀತ ವೈದ್ಯನಾಥನ್ ಅವರ ತಮ್ಮ ಎಲ್. ಸುಬ್ರಹ್ಮಣ್ಯಂ ಅವರದು. ಅಣ್ಣತಮ್ಮ ಇಬ್ಬರೂ ಮನೆಮನೆಗಳನ್ನೇ ತುಂಬಿದ್ದರು, ಅಲ್ವಾ? ಚಂದನದಲ್ಲಿ ಬಂದ ‘ಮಾಯಾಮೃಗ’ದ ಹಾಡು, ಸಿ. ಅಶ್ವಥ್ ಸಂಗೀತದ್ದು, ನನಗೆ ಇನ್ನೂ ಬಾಯಿಪಾಠ. ಅದನ್ನು ಇಂಟರ್ನೆಟ್‌ನಲ್ಲಿ ಪುಕ್ಕಟೆ ನೋಡಿದೆ. ಟೈಟಲ್ ಉಳಿದಿದೆ, ಆದರೆ ಹಾಡಿನ ನಡುವೆ ಜಾಹೀರಾತು. ಆ್ಯಪ್‌ಗಿಂತ ವಾಸಿ, ಡಿವಿಡಿಗಿಂತ ಕಮ್ಮಿ.

ದಿನಾ ರೈಲಿನಲ್ಲಿ ಮೈಸೂರಿಗೆ ಓಡಾಡುವವರಿಗೆ ಆ್ಯಪ್ ಸರಿ. ಕಂತು ಸುಮಾರು 22 ನಿಮಿಷದ್ದು, ಊರು ಸೇರುವಷ್ಟರಲ್ಲಿ ಎರಡು ಮುಗಿಯುತ್ತವೆ. ನಾನು ನೋಡುವುದು ಮನೆಯಲ್ಲಿ, ಸಂಜೆ ದೀಪ ಹಚ್ಚಿದ ಮೇಲೆ, ಅಮ್ಮನ ಜೊತೆ. ದಿನಕ್ಕೆ ಒಂದೇ ಕಂತು. ನನಗೆ ಮುಂದಕ್ಕೆ ಹಾರಿಸುವ ಯಂತ್ರ ಬೇಡ.

ಚಂದಾ ಮುಗಿದ ಮೇಲೆ ಮತ್ತೆ ಕಟ್ಟುವುದಿಲ್ಲ. ಶಂಕರ್ ನಾಗ್ ನಿರ್ದೇಶಿಸಿದ 39 ಕಂತುಗಳಲ್ಲಿ ನಾವು ನೋಡಿರುವುದು 31. ಮುಂದಿನ ಸಲ ಮೈಸೂರಿಗೆ ಹೋದಾಗ ಅಮ್ಮನನ್ನೂ ಕರೆದುಕೊಂಡು ಹೋಗಬೇಕು. ಯಾದವಗಿರಿಯಲ್ಲಿ ಈ ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ಅವರ ಮನೆ ಈಗ ಮ್ಯೂಸಿಯಂ ಆಗಿದೆ, ಅಮ್ಮ ಇನ್ನೂ ನೋಡಿಲ್ಲ.