ಶಿರಸಿ ಕಡೆಯ ಜೀಪಿಗೆ ಎಟಿ ಟೈರೋ, ಎಂಟಿಯೋ?

ಫೋರ್ ವೀಲ್ ಜೀಪಿನವರ ಕಣ್ಣು ಮೊದಲು ಹೋಗುವುದು ಎಂಟಿ, ಅಂದರೆ ಮಡ್ ಟೆರೇನ್ ಟೈರಿನ ಮೇಲೆ. ನೋಡಲು ಗತ್ತು, ಅಲ್ವಾ? ದಪ್ಪ ಬಟನ್, ನಡುವೆ ಅಗಲದ ಸಂದು. ಚಕ್ರ ತಿರುಗಿದಂತೆ ಕೆಸರನ್ನು ಹೊರಗೆ ಎಸೆಯುತ್ತದೆ. ಮಳೆಗಾಲದ ತೋಟದ ದಾರಿಗೆ ಇದೇ ರಾಜ.

ಅದೇ ಜೀಪು ದೇವಿಮನೆ ಘಾಟಿ ಇಳಿಯುವಾಗ ಕಥೆ ಬೇರೆ. ಒದ್ದೆ ಡಾಂಬರಿಗೆ ತಾಗುವ ರಬ್ಬರ್ ಕಡಿಮೆ, ಬ್ರೇಕ್ ಹಾಕಿದರೆ ನಿಲ್ಲಲು ಜಾಸ್ತಿ ದೂರ ಬೇಕು. ಕುಮಟಾದಿಂದ ಕಾರವಾರದವರೆಗೆ ಹೆದ್ದಾರಿ 66ರಲ್ಲಿ ಗುಂಯ್ ಎನ್ನುವ ಸದ್ದು ಬೇರೆ. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಟೈರೂ ಬೇಗ ಸವೆಯುತ್ತದೆ.

ಎಟಿ, ಅಂದರೆ ಆಲ್ ಟೆರೇನ್, ಕೆಸರಿನ ಟೈರು ಮತ್ತು ರಸ್ತೆ ಟೈರು ಎರಡರ ನಡುವಿನದು. ಬಟನ್ ಮೇಲಿನ ಸಣ್ಣ ಸೀಳುಗಳು ಒದ್ದೆ ರಸ್ತೆಯನ್ನು ಹಿಡಿಯುತ್ತವೆ. ಚಿರೆಕಲ್ಲು, ಜಲ್ಲಿ ಎಲ್ಲಕ್ಕೂ ಸೈ. ಅಂಟು ಕೆಸರಲ್ಲಿ ಮಾತ್ರ ಸಂದು ತುಂಬಿ ಜಾರುತ್ತದೆ. ಮರಳಿನಲ್ಲಿ ಎಟಿ, ಎಂಟಿ ಎರಡಕ್ಕೂ ಗಾಳಿ ಇಳಿಸಬೇಕು. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಿ.

ಎಚ್‌ಟಿ, ಅಂದರೆ ಹೈವೇ ಟೆರೇನ್, ಬರೀ ಟಾರ್ ರೋಡಿನವರಿಗೆ.

ನನ್ನ ಓಟು ಎಟಿಗೆ. ದಿನಾ ಕೆಸರಲ್ಲೇ ಓಡಾಡುವವರು ಮಾತ್ರ ಎಂಟಿ ಹಾಕಿಸಿ. ಯಾವುದೇ ಇರಲಿ, ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿ ನೋಡಿ. 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಹಳೇ ಸ್ಟಾಕನ್ನು ಅಗ್ಗಕ್ಕೆ ಕೊಡುತ್ತೇವೆ ಅಂದರೂ ಸುಮ್ನೆ ವಾಪಸ್ ಬನ್ನಿ.